ಬೆರಳಿನ ಶಂಖಚಕ್ರ ಮತ್ತು ಆಟಿಸಂ

ತೊಟ್ಟಿಲಿಗೆ ಹಾಕುವ ದಿನ ಮನೆಯ ಹಿರಿಯರು ಮಗುವಿನ ಮುಷ್ಟಿಯನ್ನು ಮೆಲ್ಲನೆ ಬಿಡಿಸಿ, ಬೆರಳ ತುದಿಗಳಲ್ಲಿ ಎಷ್ಟು ಶಂಖ, ಎಷ್ಟು ಚಕ್ರ ಎಂದು ಎಣಿಸುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಆ ಎಣಿಕೆಗೆ ಸಾಮುದ್ರಿಕ ಶಾಸ್ತ್ರ ಹೇಳುವ ಫಲಗಳನ್ನು ಕುರಿತು ನಾನಿಲ್ಲಿ ಮಾತನಾಡುವವನಲ್ಲ. ಆದರೆ ಅದೇ ಶಂಖಚಕ್ರಗಳನ್ನು ಭೂತಗನ್ನಡಿ ಹಿಡಿದು ನೋಡಿ, ಎಣಿಸಿ, ಅಳೆದು, ಅವುಗಳಿಂದ ಮಗುವಿನ ಮೆದುಳಿನ ಬೆಳವಣಿಗೆಯನ್ನು ಕುರಿತು ಏನಾದರೂ ತಿಳಿಯಬಹುದೆ ಎಂದು ವಿಜ್ಞಾನಿಗಳೂ ಹಲವು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ದುರ್ಗಿಗುಡಿಯಲ್ಲಿ ಮಕ್ಕಳ ವೈದ್ಯನಾಗಿ ಕುಳಿತಿರುವ ನನ್ನ ಮುಂದೆಯೂ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. “ಬೆರಳಚ್ಚು ನೋಡಿಯೇ ಆಟಿಸಂ ಇದೆಯೋ ಇಲ್ಲವೋ ಹೇಳಿಬಿಡುತ್ತಾರಂತೆ, ಹೌದೆ ಡಾಕ್ಟ್ರೇ?” ಎಂದು ತಾಯಂದಿರು ಕೇಳುತ್ತಾರೆ.

ಹಾಗೆ ಹೇಳಲು ಬರುವುದಿಲ್ಲ ಎಂಬ ಉತ್ತರವನ್ನು ಮೊದಲಿಗೇ ಕೊಟ್ಟುಬಿಡುತ್ತೇನೆ. ಆದರೆ ಪ್ರಶ್ನೆ ಮೂರ್ಖ ಪ್ರಶ್ನೆಯಲ್ಲ. ಅದರ ಹಿಂದೆ ಒಂದು ಗಂಭೀರವಾದ ತರ್ಕವಿದೆ. ಆ ತರ್ಕ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ನೋಡುವುದು ಒಳ್ಳೆಯದು.

ಅಂಗೈಯಲ್ಲಿ ಎರಡು ಬಗೆಯ ಗೆರೆಗಳಿವೆ. ಕೈ ಮಡಿಸಿದಾಗ ಚರ್ಮ ಮಡಿಚುವ ಜಾಗದಲ್ಲಿ ಬೀಳುವ ದೊಡ್ಡ ಗೆರೆಗಳು ಒಂದು ಬಗೆ. ಕೈ ನೋಡುವವರು ಆಯುಷ್ಯರೇಖೆ, ಬುದ್ಧಿರೇಖೆ ಎಂದು ಕರೆಯುವುದು ಇವನ್ನೇ. ಇನ್ನೊಂದು ಬಗೆಯವು ಅತಿ ಸೂಕ್ಷ್ಮವಾದ ಏಣುಗಳು, ಎಂದರೆ ಒಂದರ ಪಕ್ಕ ಒಂದರಂತೆ ಓಡುವ ಉಬ್ಬುಗೆರೆಗಳು. ಹೆಬ್ಬೆಟ್ಟೊತ್ತಿದಾಗ ಕಾಗದದ ಮೇಲೆ ಮೂಡುವುದು ಇವುಗಳ ಅಚ್ಚು. ಸುತ್ತುಸುತ್ತಾಗಿ ಮುಚ್ಚಿಕೊಂಡರೆ ಅದು ನಮ್ಮವರ ಚಕ್ರ. ಒಂದು ಕಡೆಯಿಂದ ಬಂದು ಬಳಸಿ ಅದೇ ಕಡೆಗೆ ಹಿಂದಿರುಗಿದರೆ ಸುಮಾರಾಗಿ ನಮ್ಮವರ ಶಂಖ. ಇವೆರಡೂ ಅಲ್ಲದೆ, ಸೇತುವೆಯ ಕಮಾನಿನಂತೆ ಸ್ವಲ್ಪವೇ ಉಬ್ಬಿ ಆಚೆಗೆ ಹೊರಟುಹೋಗುವ ಏಣುಗಳೂ ಉಂಟು. ಜಗತ್ತಿನ ಬೆರಳುಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ನೂರಕ್ಕೆ ಸುಮಾರು 60ರಿಂದ 65 ಶಂಖಗಳು, 30ರಿಂದ 35 ಚಕ್ರಗಳು; ಕಮಾನು ಐದರ ಆಸುಪಾಸು. ಹೀಗಾಗಿ ಚಕ್ರ ಅಷ್ಟೊಂದು ಅಪರೂಪದ ಭಾಗ್ಯವೇನೂ ಅಲ್ಲ.

ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸರ ಕೈಗಳನ್ನು ನೋಡಿ. ಸುಗ್ಗಿಯ ತಿಂಗಳುಗಳಲ್ಲಿ ಬೆರಳುಗಳು ಕಪ್ಪಾಗಿ, ಒರಟಾಗಿ, ಏಣುಗಳು ಸವೆದು ಹೋಗಿರುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪದೆ ನಾಲ್ಕಾರು ಬಾರಿ ಒತ್ತಿಸಿಕೊಳ್ಳುತ್ತದೆ. ಸುಗ್ಗಿ ಕಳೆದು ಕೆಲವು ವಾರಗಳಾದರೆ ಅವೇ ಏಣುಗಳು, ಅದೇ ಚಿತ್ರ, ಒಂದು ಕವಲೂ ತಪ್ಪದೆ ಮರಳಿ ಬರುತ್ತವೆ. ಕಾರಣವೆಂದರೆ ಅವುಗಳ ಎರಕದಚ್ಚು ಇರುವುದು ಮೇಲ್ಚರ್ಮದಲ್ಲಲ್ಲ, ಒಳಚರ್ಮದೊಡನೆ ಅದು ಕೂಡುವ ಆಳದಲ್ಲಿ. ಆಳವಾದ ಗಾಯವಾಗದ ಹೊರತು ಹುಟ್ಟಿನಿಂದ ಸಾವಿನವರೆಗೆ ಅದು ಬದಲಾಗದು. ಈ ಸ್ಥಿರತೆಯನ್ನು ಆಡಳಿತಕ್ಕೆ ಬಳಸಿಕೊಂಡ ಕಥೆ ನಮ್ಮ ದೇಶದ್ದೇ: 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯನ್ನೇ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಚ್ಚುಗಳ ವರ್ಗೀಕರಣವನ್ನು ರೂಪಿಸಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಇದು ಪೊಲೀಸರ ಕಥೆ, ಇರಲಿ.

ವೈದ್ಯರಿಗೆ ಕುತೂಹಲ ಹುಟ್ಟಿಸಿದ್ದು ಈ ಏಣುಗಳು ಮೂಡುವ ಕಾಲ. ಗರ್ಭದ ಏಳನೆಯ ವಾರದ ಹೊತ್ತಿಗೆ ಭ್ರೂಣದ ಬೆರಳ ತುದಿಗಳಲ್ಲಿಯೂ ಅಂಗೈಯಲ್ಲಿಯೂ ಸಣ್ಣ ಸಣ್ಣ ಉಬ್ಬುಗಳೇಳುತ್ತವೆ. ಬೆಕ್ಕಿನ ಪಾದದಡಿಯ ಮೆತ್ತೆಗಳಂತೆ ಎಂದುಕೊಳ್ಳಿ. ಹತ್ತನೆಯ ವಾರದಿಂದ ಮುಂದಕ್ಕೆ ಈ ಉಬ್ಬುಗಳು ಇಳಿಯತೊಡಗುತ್ತವೆ, ಸರಿಯಾಗಿ ಅದೇ ಸಮಯಕ್ಕೆ ಏಣುಗಳು ಮೂಡತೊಡಗುತ್ತವೆ. ಮಲೆನಾಡಿನ ಗದ್ದೆಯ ಬದುಗಳನ್ನು ನೆನಪಿಸಿಕೊಂಡರೆ ಮುಂದಿನದು ತಾನಾಗಿ ತಿಳಿಯುತ್ತದೆ. ದಿಬ್ಬವಿದ್ದಲ್ಲಿ ಬದು ಅದನ್ನು ಸುತ್ತುವರಿಯುತ್ತದೆ; ಒಂದು ಕಡೆಗೆ ವಾಲಿದ ಇಳಿಜಾರಿದ್ದರೆ ಬಳಸಿಕೊಂಡು ಹಿಂದಿರುಗುತ್ತದೆ; ನೆಲ ಸಮವಾಗಿದ್ದರೆ ಅಡ್ಡಲಾಗಿ ಹಾದುಹೋಗುತ್ತದೆ. ಹಾಗೆಯೇ ಬೆರಳ ಉಬ್ಬು ಎತ್ತರವಾಗಿರುವಾಗಲೇ ಏಣುಗಳು ಮೂಡಿದರೆ ಚಕ್ರ, ಒಂದು ಮಗ್ಗುಲಿಗೆ ವಾಲಿ ಇಳಿದಿದ್ದರೆ ಶಂಖ, ಇಳಿದು ಸಮವಾಗಿದ್ದರೆ ಕಮಾನು. ಹದಿನೇಳನೆಯ ವಾರದ ಹೊತ್ತಿಗೆ ಚಿತ್ರದ ಆಕಾರ ನಿಶ್ಚಯವಾಗುತ್ತದೆ; ಇಪ್ಪತ್ತನಾಲ್ಕನೆಯ ವಾರ ಕಳೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 2023ರಲ್ಲಿ ಎಡಿನ್‌ಬರೋದ ಸಂಶೋಧಕರು ಇನ್ನೂ ಒಂದು ವಿವರ ಸೇರಿಸಿದರು: ಬೆರಳ ಉಬ್ಬಿನ ನಡುವಿನಿಂದ, ಉಗುರಿನ ಕಡೆಯಿಂದ, ಗಿಣ್ಣಿನ ಮಡಿಕೆಯ ಕಡೆಯಿಂದ, ಹೀಗೆ ಮೂರು ಎಡೆಗಳಿಂದ ಏಣುಗಳು ಅಲೆಗಳಂತೆ ಹಬ್ಬುತ್ತ ಬಂದು ಒಂದನ್ನೊಂದು ಸಂಧಿಸುತ್ತವೆ. ಅಲೆಗಳು ಯಾವ ಗಳಿಗೆಯಲ್ಲಿ ಹೊರಟವು, ಎಲ್ಲಿ ಕೂಡಿದವು ಎಂಬ ಸಣ್ಣ ವ್ಯತ್ಯಾಸಗಳಿಂದಲೇ ಅವಳಿಜವಳಿಗಳ ಬೆರಳಚ್ಚು ಕೂಡ ಬೇರೆ ಬೇರೆಯಾಗುತ್ತದೆ.

ತರ್ಕ ಹುಟ್ಟುವುದು ಇಲ್ಲಿಯೇ. ಮೇಲ್ಚರ್ಮವೂ ಮೆದುಳೂ ಭ್ರೂಣದ ಒಂದೇ ಹೊರಪದರದಿಂದ ಹುಟ್ಟುವಂಥವು. ಏಣುಗಳು ಮೂಡುವ ಆ ಮೂರು ನಾಲ್ಕು ತಿಂಗಳುಗಳಲ್ಲಿ ಮೆದುಳಿನ ನರಕೋಶಗಳೂ ಹುಟ್ಟಿ, ತಮ್ಮ ತಮ್ಮ ಜಾಗಗಳಿಗೆ ವಲಸೆ ಹೋಗುತ್ತಿರುತ್ತವೆ. ಆ ಕಾಲದಲ್ಲಿ ಏನಾದರೂ ಏರುಪೇರಾದರೆ ಮೆದುಳಿನಲ್ಲಾದದ್ದು ಕಣ್ಣಿಗೆ ಕಾಣದು. ಆದರೆ ಅದರ ಗುರುತು ಅಂಗೈಯಲ್ಲಿ ಅಳಿಸದೆ ಉಳಿದಿರಬಹುದಲ್ಲವೆ? ಈ ಆಲೋಚನೆ ಬರಿಯ ಊಹೆಯೂ ಆಗಿರಲಿಲ್ಲ. ಅಮೆರಿಕದ ಹೆರಾಲ್ಡ್ ಕಮಿನ್ಸ್ 1926ರಲ್ಲಿ ಈ ವಿದ್ಯೆಗೆ ‘ಡರ್ಮಟೋಗ್ಲಿಫಿಕ್ಸ್’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಮಾತಿಗೆ ‘ಚರ್ಮದ ಕೆತ್ತನೆ’ ಎಂದು ಅರ್ಥ. ಅದೇ ಕಮಿನ್ಸ್ 1930ರ ದಶಕದಲ್ಲಿ ಇಂದು ನಾವು ಡೌನ್ ಸಿಂಡ್ರೋಮ್ ಎನ್ನುವ ಸ್ಥಿತಿಯ ಮಕ್ಕಳ ಕೈಗಳಲ್ಲಿ ವಿಶಿಷ್ಟ ಲಕ್ಷಣಗಳನ್ನು ಕಂಡರು. ಹತ್ತು ಬೆರಳುಗಳಲ್ಲಿಯೂ ಹೆಚ್ಚಾಗಿ ಒಂದೇ ಕಡೆಗೆ ತೆರೆದ ಶಂಖಗಳು. ಸುಮಾರು ಅರ್ಧದಷ್ಟು ಮಕ್ಕಳ ಅಂಗೈಯಲ್ಲಿ ಎರಡು ಅಡ್ಡಗೆರೆಗಳ ಬದಲು ಒಂದೇ ಗೆರೆ. ಇಂಗ್ಲೆಂಡಿನ ಲಯೊನೆಲ್ ಪೆನ್‌ರೋಸ್ ಅಂಗೈಯ ಏಣುಗಳ ಕೋನಗಳನ್ನು ಅಳೆದು ಇದನ್ನು ಇನ್ನಷ್ಟು ಖಚಿತಗೊಳಿಸಿದರು. 1959ರಲ್ಲಿ ಆ ಸ್ಥಿತಿಗೆ ಕಾರಣವಾದ ಹೆಚ್ಚುವರಿ ವರ್ಣತಂತು ಪತ್ತೆಯಾಗುವ ತನಕ ವೈದ್ಯರಿಗೆ ಕೈ ಒಂದು ಬೆಲೆಯುಳ್ಳ ಸಾಕ್ಷಿಯಾಗಿತ್ತು. ಹಾಗೆಂದಮಾತ್ರಕ್ಕೆ ಒಂಟಿಗೆರೆಯಿದ್ದವರೆಲ್ಲ ಆ ಸ್ಥಿತಿಯವರಲ್ಲ. ಸಂಪೂರ್ಣ ಆರೋಗ್ಯವಂತರಲ್ಲಿಯೂ ನೂರರಲ್ಲಿ ಕೆಲವರಿಗೆ ಅದಿರುತ್ತದೆ. ಈ ಮಾತು ಕೇಳುತ್ತ ಅಂಗೈ ನೋಡಿಕೊಂಡವರು ಗಾಬರಿಪಡಬೇಕಾಗಿಲ್ಲ.

ಡೌನ್ ಸಿಂಡ್ರೋಮಿನಲ್ಲಿ ಸಾಧ್ಯವಾದದ್ದು ಆಟಿಸಮ್ಮಿನಲ್ಲಿ ಏಕೆ ಆಗಬಾರದು? ಆಟಿಸಂ, ಸರ್ಕಾರದ ಕನ್ನಡದಲ್ಲಿ ಸ್ವಲೀನತೆ, ಒಂದು ರೋಗವೆನ್ನುವುದಕ್ಕಿಂತ ಮೆದುಳು ಬೆಳೆಯುವ ಒಂದು ಬೇರೆಯ ಕ್ರಮ. ಇತರರೊಡನೆ ಮಾತು, ನೋಟ, ಸನ್ನೆಗಳ ಕೊಡುಕೊಳೆ ಅಂಥ ಮಗುವಿಗೆ ಸಹಜವಾಗಿ ಒದಗುವುದಿಲ್ಲ. ಕೆಲವು ವಸ್ತುಗಳಲ್ಲಿ, ಕೆಲವು ಚಲನೆಗಳಲ್ಲಿ, ನಿತ್ಯದ ಕ್ರಮ ತಪ್ಪದಿರುವುದರಲ್ಲಿ ಗಾಢವಾದ ಆಸಕ್ತಿಯಿರುತ್ತದೆ. ಲಿಯೋ ಕ್ಯಾನರ್ ಇದನ್ನು ವರ್ಣಿಸಿದ್ದು 1943ರಲ್ಲಿ. ಅಲ್ಲಿಂದ ಮುಂದಿನ ಎರಡು ಮೂರು ದಶಕಗಳು ತಾಯಂದಿರ ಪಾಲಿಗೆ ಕ್ರೂರವಾದ ಕಾಲ. ಮಮತೆಯಿಲ್ಲದ, ಮಂಜಿನಂಥ ತಾಯಿಯಿಂದ ಮಗು ಹೀಗಾಗುತ್ತದೆ ಎಂದು ದೊಡ್ಡ ದೊಡ್ಡವರು ಬರೆದರು. ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಅಂಥ ಹೊತ್ತಿನಲ್ಲಿ ಅಂಗೈಯ ಅಧ್ಯಯನಕ್ಕೆ ಒಂದು ನೈತಿಕ ತೂಕವೂ ಇತ್ತೆಂದು ನನ್ನ ಭಾವನೆ. ಐದಾರು ತಿಂಗಳ ಗರ್ಭದಲ್ಲಿಯೇ ಮುಗಿದುಹೋಗುವ ಕೆತ್ತನೆಯಲ್ಲಿ ಭೇದವಿದೆಯೆಂದು ತೋರಿಸಿದರೆ, ಮಗುವನ್ನು ಎತ್ತಿಕೊಂಡ ಬಗೆಯಿಂದ ಆಟಿಸಂ ಬಂತೆಂಬ ಆರೋಪ ನಿಲ್ಲಲಾರದಷ್ಟೆ.

1977ರಲ್ಲಿ, 1979ರಲ್ಲಿ ಆಟಿಸಂ ಇರುವ ಮಕ್ಕಳ ಕೈಗಳನ್ನು ಇತರ ಮಕ್ಕಳ ಕೈಗಳೊಡನೆ ಹೋಲಿಸಿದ ಅಧ್ಯಯನಗಳು ಪ್ರಕಟವಾದವು. 1990ರಲ್ಲಿ ಬಾಸ್ಕ್ ಜನರ ಮಕ್ಕಳಲ್ಲಿ, ಈಚೆಗೆ ಸರ್ಬಿಯಾದಲ್ಲಿ, ಇರಾನಿನಲ್ಲಿ ಇಂಥ ಕೆಲಸ ನಡೆದಿದೆ. ಭೇದ ಕಂಡಿತೆಂದು ಬರೆದವರುಂಟು. ಆದರೆ ಒಬ್ಬರಿಗೆ ಕಂಡ ಭೇದ ಮತ್ತೊಬ್ಬರಲ್ಲಿ ಹಾಗೆಯೇ ಮರುಕಳಿಸಲಿಲ್ಲ. ನೋಡಿದ ಮಕ್ಕಳ ಸಂಖ್ಯೆ ಸಣ್ಣದು. ಅಳೆದ ಸಂಗತಿಗಳು ಹತ್ತಾರು. ಹತ್ತಾರು ಸಂಗತಿ ಅಳೆದಾಗ ಒಂದೆರಡರಲ್ಲಿ ಕೇವಲ ಆಕಸ್ಮಿಕವಾಗಿಯೇ ವ್ಯತ್ಯಾಸ ಸಿಕ್ಕುತ್ತದೆ. ಸಾಲದುದಕ್ಕೆ, ಶಂಖಚಕ್ರಗಳ ಪ್ರಮಾಣ ಜನಸಮುದಾಯದಿಂದ ಸಮುದಾಯಕ್ಕೆ ಬೇರೆ. ಒಂದು ಊರಿನಲ್ಲಿ ಆಟಿಸಂ ಇರುವ ಮಕ್ಕಳು ಹೆಚ್ಚಾಗಿ ಒಂದು ಸಮುದಾಯದಿಂದ, ಹೋಲಿಕೆಯ ಮಕ್ಕಳು ಇನ್ನೊಂದರಿಂದ ಬಂದಿದ್ದರೆ, ಕಾಣುವ ಭೇದ ಆಟಿಸಮ್ಮಿನದಲ್ಲ, ಸಮುದಾಯದ್ದು. ಡೌನ್ ಸಿಂಡ್ರೋಮಿಗೆ ಕಾರಣ ಒಂದೇ. ಆಟಿಸಮ್ಮಿನ ಹಿನ್ನೆಲೆಯಲ್ಲಿ ನೂರಾರು ವಂಶವಾಹಿಗಳಿವೆ, ಒಂದೊಂದು ಮಗುವಿನಲ್ಲಿ ಒಂದೊಂದು ಬಗೆಯ ಜೋಡಣೆ. ಅವೆಲ್ಲ ಸೇರಿ ಒಂದೇ ತರದ ಅಂಗೈಯನ್ನು ಕೆತ್ತಬೇಕೆಂದು ನಿರೀಕ್ಷಿಸುವುದಾದರೂ ಹೇಗೆ? 2022ರಲ್ಲಿ 23,000ಕ್ಕೂ ಮೀರಿದ ಜನರ ಬೆರಳಚ್ಚುಗಳನ್ನು ಅವರ ವಂಶವಾಹಿಗಳೊಡನೆ ಹೋಲಿಸಿದ ದೊಡ್ಡ ಅಧ್ಯಯನವೊಂದು ಹೊರಬಂತು. ಬೆರಳ ಚಿತ್ರವನ್ನು ನಿರ್ಧರಿಸುವ ವಂಶವಾಹಿಗಳಲ್ಲಿ ಮುಖ್ಯವಾದವು ಕೈಕಾಲುಗಳ ಆಕಾರವನ್ನು ರೂಪಿಸುವಂಥವೆಂದು ಅದರಲ್ಲಿ ಕಂಡುಬಂತು. ಚರ್ಮ ಮತ್ತು ಮೆದುಳು ಒಂದೇ ಪದರದ ಮಕ್ಕಳು ಎಂಬ ಹಳೆಯ ತರ್ಕಕ್ಕೆ ಇದರಿಂದ ಬಲವೇನೂ ಬರಲಿಲ್ಲ.

ಆದರೂ ವಾದಕ್ಕಾಗಿ, ನಾಳೆ ಒಂದು ನಿಜವಾದ ಭೇದ ಸ್ಥಾಪಿತವಾಯಿತೆಂದೇ ಇಟ್ಟುಕೊಳ್ಳೋಣ. ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನಾನು ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು. ಶಿವಮೊಗ್ಗದ 1,000 ಮಕ್ಕಳನ್ನು ತೆಗೆದುಕೊಳ್ಳಿ. ಆಟಿಸಂ ನೂರಕ್ಕೆ ಒಂದು ಎಂದು ಹಿಡಿಯೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜೂ ಅದಕ್ಕೆ ಹತ್ತಿರದಲ್ಲಿಯೇ ಇದೆ. ಅಂದರೆ 10 ಮಕ್ಕಳು. ಯಾವುದೋ ಒಂದು ಕೈಗುರುತು ಆಟಿಸಂ ಇರುವವರಲ್ಲಿ ನೂರಕ್ಕೆ 40 ಮಂದಿಗೆ, ಇಲ್ಲದವರಲ್ಲಿ ನೂರಕ್ಕೆ 20 ಮಂದಿಗೆ ಇದೆಯೆನ್ನಿ. ಎರಡು ಪಟ್ಟು! ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ತಲೆಬರಹ ಖಂಡಿತ. ಆದರೆ ಎಣಿಸಿ ನೋಡಿ: ಆಟಿಸಂ ಇರುವ 10 ಮಕ್ಕಳಲ್ಲಿ 4 ಮಂದಿಗೆ ಆ ಗುರುತು, ಉಳಿದ 990ರಲ್ಲಿ 198 ಮಂದಿಗೆ. ಗುರುತಿರುವ 202 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಆಟಿಸಂ ಇರುವವರು ನಾಲ್ಕೇ ಮಂದಿ, 198 ಮನೆಗಳಲ್ಲಿ ವೃಥಾ ಕಣ್ಣೀರು. ಇನ್ನು ಗುರುತಿಲ್ಲವೆಂದು ನಿಶ್ಚಿಂತರಾಗಿ ಮನೆಗೆ ಕಳಿಸಿದವರಲ್ಲಿ ಆಟಿಸಂ ಇರುವ ಆರು ಮಕ್ಕಳಿರುತ್ತಾರೆ. ಗುಂಪಿನ ಸರಾಸರಿಯಲ್ಲಿ ನಿಜವಾದದ್ದು ಒಂದು ಮಗುವಿನ ವಿಷಯದಲ್ಲಿ ಹೀಗೆ ಕೈಕೊಡುತ್ತದೆ.

ಈ ಆರು ಮಕ್ಕಳ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಕೆಲವು ವರ್ಷಗಳ ಹಿಂದೆ ಭದ್ರಾವತಿಯ ಕಡೆಯಿಂದ ಒಬ್ಬ ತಾಯಿ ಮೂರೂವರೆ ವರ್ಷದ ಹುಡುಗನನ್ನು ಕರೆತಂದಿದ್ದರು. ಜೊತೆಗೆ ಅಜ್ಜಿ. “ಹತ್ತಕ್ಕೆ ಹತ್ತೂ ಚಕ್ರ ಕಣ್ರೀ ಡಾಕ್ಟ್ರೇ, ಇವನಿಗೆ ಮಾತು ಬರದೆ ಇರುತ್ತಾ?” ಎಂದು ಆಕೆ ಹುಡುಗನ ಅಂಗೈಯನ್ನು ನನ್ನ ಮುಂದೆ ಹಿಡಿದರು. ಎಣಿಸಿದೆ, ನಿಜವಾಗಿಯೂ ಹತ್ತೂ ಚಕ್ರವೇ. ಹುಡುಗ ನನ್ನ ಮೇಜಿನ ಮೇಲಿದ್ದ ಔಷಧಿ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಅದರಲ್ಲೇ ಮುಳುಗಿದ್ದ. ಹೆಸರು ಕರೆದರೆ ತಿರುಗುತ್ತಿರಲಿಲ್ಲ. ತಾಯಿ ಚೀಲದಿಂದ ಬಣ್ಣಬಣ್ಣದ ಪುಸ್ತಕದಂಥ ವರದಿಯೊಂದನ್ನು ತೆಗೆದರು. ಬೇರೆ ಊರಿನ ಯಾವುದೋ ಸಂಸ್ಥೆಯವರು ಯಂತ್ರದಲ್ಲಿ ಹತ್ತು ಬೆರಳುಗಳ ಅಚ್ಚು ತೆಗೆದು, ಸಾವಿರಾರು ರೂಪಾಯಿ ಪಡೆದು, ಮಗುವಿನ ಭಾಷಾಬುದ್ಧಿ ಶೇಕಡಾ ಇಷ್ಟು, ಸಂಗೀತಬುದ್ಧಿ ಶೇಕಡಾ ಇಷ್ಟು ಎಂದು ಅಚ್ಚುಹಾಕಿ ಕೊಟ್ಟಿದ್ದರು. ಭಾಷಾಬುದ್ಧಿಗೆ ಒಳ್ಳೆಯ ಅಂಕವೇ ಬಿದ್ದಿತ್ತು. ಅದನ್ನು ನಂಬಿ ಅವರು ಒಂದು ವರ್ಷ ಕಾದಿದ್ದರು.

ಈ ಬೆರಳಚ್ಚಿನ ಬುದ್ಧಿಪರೀಕ್ಷೆ ‘ಡಿಎಂಐಟಿ’ ಎಂಬ ಹೆಸರಿನಲ್ಲಿ ದೇಶದ ಹಲವು ಊರುಗಳಲ್ಲಿ ಮಾರಾಟವಾಗಿದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಕಮಿನ್ಸ್, ಪೆನ್‌ರೋಸರಂಥವರು ಜೀವನವಿಡೀ ತಾಳ್ಮೆಯಿಂದ ಮಾಡಿದ ಕೆಲಸದ ಹೆಸರನ್ನು ಮಾತ್ರ ಎರವಲು ತಂದು ಅಂಗಡಿಯ ಮೇಲೆ ಹಲಗೆ ಹಾಕಿಕೊಂಡ ವ್ಯಾಪಾರವಿದು. ರಸ್ತೆಬದಿಯಲ್ಲಿ ಗಿಳಿಶಾಸ್ತ್ರ ಹೇಳುವವನು ಹತ್ತಿಪ್ಪತ್ತು ರೂಪಾಯಿಗೆ ತೃಪ್ತನಾಗುತ್ತಾನೆ, ವಿಜ್ಞಾನವೆಂದೂ ಹೇಳಿಕೊಳ್ಳುವುದಿಲ್ಲ.

ಆ ತಾಯಿ ಹೊರಡುವ ಮುನ್ನ ಅತ್ತೆ ಆಚೆ ಹೋದುದನ್ನು ನೋಡಿಕೊಂಡು ಇನ್ನೊಂದು ಮಾತು ಕೇಳಿದರು. ಏಣುಗಳು ಮೂರನೆಯ ತಿಂಗಳಿನಿಂದ ಮೂಡುತ್ತವೆ, ಮೆದುಳೂ ಆಗಲೇ ಬೆಳೆಯುತ್ತದೆ ಎಂದು ನಾನು ಹೇಳಿದ್ದೆನಲ್ಲ, “ನನಗೆ ಮೂರು ತಿಂಗಳಾಗಿದ್ದಾಗ ಗ್ರಹಣದ ದಿನ ಬಟ್ಟೆ ತರಲು ಅಂಗಳಕ್ಕೆ ಹೋಗಿದ್ದೆ. ಅದರಿಂದಲೇ ಹೀಗಾಯಿತೆ?” ತಾಯಿಯ ಮಮತೆಯ ಮೇಲಿದ್ದ ಆರೋಪವನ್ನು ವಿಜ್ಞಾನ ತೆಗೆದುಹಾಕಿತೆಂದು ನಾವು ಸಂತೋಷಪಡುವಷ್ಟರಲ್ಲಿ, ಅದೇ ಆರೋಪ ಆಕೆಯ ಗರ್ಭಕ್ಕೆ ಇಳಿದುಬಿಡುತ್ತದೆ. “ಇಲ್ಲಮ್ಮಾ, ಗ್ರಹಣದಿಂದ ಬಂದದ್ದಲ್ಲ, ನೀವು ತಿಂದ ಪರಂಗಿಹಣ್ಣಿನಿಂದ ಬಂದದ್ದೂ ಅಲ್ಲ” ಎಂದೆ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು; ಬೇರೆ ಬೇರೆ ಅಂಡದಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. 2019ರಲ್ಲಿ ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿದ ಅಧ್ಯಯನವು ಆಟಿಸಂ ಕಾಣಿಸಿಕೊಳ್ಳುವ ವ್ಯತ್ಯಾಸದಲ್ಲಿ ಶೇಕಡಾ 80ರಷ್ಟು ವಂಶವಾಹಿಗಳ ಪಾಲು ಎಂದು ಅಂದಾಜು ಮಾಡಿತು. ವಂಶವಾಹಿಯೆಂದರೆ ತಾಯಿಯದಷ್ಟೇ ಅಲ್ಲ, ತಂದೆಯದೂ ಹೌದು. ಎಷ್ಟೋ ವೇಳೆ ಇಬ್ಬರಲ್ಲಿಯೂ ಇಲ್ಲದ ಹೊಸ ಬದಲಾವಣೆಯೂ ಹೌದು. ಗರ್ಭಕಾಲದ ಹೊರಗಿನ ಕಾರಣಗಳಲ್ಲಿ ದೃಢಪಟ್ಟವು ಕೆಲವೇ. ರುಬೆಲ್ಲಾ ಸೋಂಕು ಒಂದು. ಅದಕ್ಕೆ ಲಸಿಕೆಯಿದೆ, ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ದಡಾರದ ಲಸಿಕೆಯೊಡನೆ ಅದರ ದೊಡ್ಡ ಅಭಿಯಾನವೇ ನಡೆಯಿತು. ಮೂರ್ಛೆರೋಗಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಎಂಬ ಔಷಧಿ ಇನ್ನೊಂದು; ಅದನ್ನು ಸೇವಿಸುತ್ತಿರುವ ಹೆಣ್ಣುಮಕ್ಕಳು ಗರ್ಭ ಧರಿಸುವ ಮುನ್ನವೇ ವೈದ್ಯರೊಡನೆ ಮಾತನಾಡಬೇಕು, ತಾವಾಗಿಯೇ ನಿಲ್ಲಿಸಬಾರದು.

ಹಾಗಾದರೆ ಏನನ್ನು ನೋಡಬೇಕು? ಕೈಯನ್ನೇ ನೋಡಿ, ಆದರೆ ಅದು ಮಾಡುವ ಕೆಲಸವನ್ನು ನೋಡಿ. ವರ್ಷ ತುಂಬಿದ ಮಗು ಬಾನಿನಲ್ಲಿ ಹಾರುವ ಹಕ್ಕಿಯನ್ನು ಕಂಡರೆ ಬೆರಳು ಚಾಚುತ್ತದೆ. ಚಾಚಿ, ಹಿಂದಿರುಗಿ ಅಮ್ಮನ ಮುಖ ನೋಡುತ್ತದೆ. ಹಕ್ಕಿ ಅದಕ್ಕೆ ಬೇಕಾಗಿಲ್ಲ. ನೀನೂ ನೋಡಿದೆಯಾ ಎಂಬುದಷ್ಟೇ ಬೇಕು. ಈ ಒಂದು ಸನ್ನೆ ಹದಿನೆಂಟು ತಿಂಗಳಾದರೂ ಬಾರದಿದ್ದರೆ ಯೋಚಿಸಬೇಕು. ಆಟಿಸಂ ಇರುವ ಎಷ್ಟೋ ಮಕ್ಕಳು ಬೆರಳು ತೋರುವ ಬದಲು ಅಮ್ಮನ ಮಣಿಕಟ್ಟನ್ನು ಹಿಡಿದೆಳೆದು ಬಿಸ್ಕತ್ತಿನ ಡಬ್ಬದ ಮೇಲಿಡುತ್ತವೆ, ಮುಖ ನೋಡುವುದಿಲ್ಲ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, ಟಾಟಾ ಮಾಡದಿರುವುದು, ಬಂದಿದ್ದ ನಾಲ್ಕಾರು ಮಾತು ನಿಂತುಹೋಗುವುದು ಇವೂ ಗಮನಿಸಬೇಕಾದವೇ. ಇವುಗಳಲ್ಲಿ ಯಾವುದೊಂದೂ ತಾನಾಗಿ ತೀರ್ಪಲ್ಲ. ಕಿವಿ ಕೇಳಿಸದ ಮಗುವೂ ತಿರುಗುವುದಿಲ್ಲ, ಆದ್ದರಿಂದ ಮೊದಲು ಕಿವಿಯ ಪರೀಕ್ಷೆಯಾಗಬೇಕು. 16ರಿಂದ 30 ತಿಂಗಳ ಮಕ್ಕಳಿಗಾಗಿ ತಾಯ್ತಂದೆಯರೇ ಉತ್ತರಿಸುವ 20 ಪ್ರಶ್ನೆಗಳ ಪಟ್ಟಿಯೊಂದಿದೆ; ಶೋಧಕ್ಕೆ ಅದನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ನಿಶ್ಚಯವಾಗಿ ಹೇಳುವುದು ಮಗುವಿನೊಡನೆ ಕುಳಿತು, ಆಡಿ, ನೋಡಿದ ತಜ್ಞರ ಕೆಲಸ. ಅದಕ್ಕೆ ರಕ್ತಪರೀಕ್ಷೆಯೂ ಇಲ್ಲ, ತಲೆಯ ಚಿತ್ರವೂ ಇಲ್ಲ. “ಅಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು” ಎಂದು ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಅನ್ನಲಿ, ತೋರಿಸುವುದನ್ನು ಮುಂದೂಡಬೇಡಿ. ಮಾತಿನ ತರಬೇತಿ, ಆಟದ ಮೂಲಕ ಕಲಿಸುವ ತರಬೇತಿಗಳನ್ನು ಎರಡು ಮೂರು ವರ್ಷದೊಳಗೆ ಆರಂಭಿಸಿದರೆ ಮಗುವಿಗೆ ಆಗುವ ಪ್ರಯೋಜನ ಹೆಚ್ಚು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಾತು ಮತ್ತು ಕಿವಿ ಎರಡರ ಪರೀಕ್ಷೆಯೂ ಅಲ್ಲಿ ಆಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗುವ ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಬಹುದು. ಹಳ್ಳಿಗಳಲ್ಲಿರುವವರಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೇ ಬರಬೇಕಾದದ್ದು, ವರ್ಷಕ್ಕೆ ಎರಡು ಬಾರಿ. ಅವರು ತೂಕ ನೋಡಿ, ಕಣ್ಣು ಹಲ್ಲು ನೋಡಿ ಮುಂದಿನ ಊರಿಗೆ ಹೊರಡುವ ಅವಸರದಲ್ಲಿರುತ್ತಾರೆ. ತಡೆದು ನಿಲ್ಲಿಸಿ, ಮಗು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆಟಿಸಂ ಖಚಿತವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಸ್ಥಿತಿಗಳ ಪಟ್ಟಿಯಲ್ಲಿ ಅದೂ ಸೇರಿದೆ. ಗುರುತಿನ ಚೀಟಿಗೆ ಅರ್ಜಿ ಹಾಕಲು ಆ ಬರಹವೇ ಮೊದಲ ಕಾಗದ. ಆ ಚೀಟಿಯ ನೋಂದಣಿಗೆ ಕೇಳುವ ಆಧಾರ್‌ನಲ್ಲಿ ಐದು ವರ್ಷದೊಳಗಿನ ಮಗುವಿನ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ.